ಕಣ್ಣೀರಿನಷ್ಟು ಉಪ್ಪು

ತನ್ನ ತಲೆಯೊಳಗೂ ಒಂದು ಕಡಲಿದೆ ಎಂದು ಮುತ್ತುರಾಕ್ಕುಗೆ ಗೊತ್ತಾದದ್ದು ರಾಮನಾಥಪುರದ ಆಸ್ಪತ್ರೆಯಲ್ಲಿ. ಕಿವಿ ಮೂಗು ಗಂಟಲಿನ ಡಾಕ್ಟರಮ್ಮ ನೂರ್‌ನಿಶಾ ಕಡ್ಡಿಯಷ್ಟು ಸಣ್ಣದೊಂದು ಕೊಳವೆಯನ್ನು ಅವಳ ಮೂಗಿನೊಳಗೆ ಮೆಲ್ಲಗೆ ತೂರಿಸಿದರು. ಅದರ ತುದಿಯಲ್ಲಿ ದೀಪವಿತ್ತು, ಕಣ್ಣೂ ಇತ್ತು. ಆ ಕಣ್ಣಿಗೆ ಕಂಡದ್ದೆಲ್ಲ ಎದುರಿನ ಪರದೆಯ ಮೇಲೆ ಮೂಡಿತು. ಒದ್ದೆ ಗೋಡೆಗಳು, ನಸುಗೆಂಪು ಬಂಡೆಗಳು, ಇಕ್ಕಟ್ಟಾದ ಓಣಿ, ಓಣಿಯ ಕೊನೆಯಲ್ಲಿ ಕತ್ತಲು. ಎಲ್ಲೋ ನೋಡಿದ ಜಾಗದಂತಿತ್ತು. ದೋಣಿಯಿಂದ ಇಳಿದು, ತಲೆ ಕೆಳಗೆ ಮಾಡಿ, ಹವಳದ ದಿಬ್ಬದ ಸಂದಿಗೆ ಕೈ ಹಾಕುವ ಮುಂಚೆ ಕಾಣುವುದೂ ಇದೇ ತಾನೆ?

"ಉಸಿರು ಬಿಡಮ್ಮ. ಯಾಕೆ ಹಾಗೆ ಕಟ್ಟಿ ಕೂತಿದ್ದೀಯ?" ಎಂದರು ಡಾಕ್ಟರಮ್ಮ.

"ಒಳಗೆ ಇಳೀತಿದ್ದೀವಲ್ಲ, ಅದಕ್ಕೆ," ಎಂದಳು ರಾಕ್ಕು, ಕೊಳವೆ ಮೂಗಿನಲ್ಲಿರುವಾಗಲೇ.

ಪಕ್ಕದಲ್ಲಿ ನಿಂತಿದ್ದ ಅವಳ ಅತ್ತಿಗೆ ಪಂಚವರ್ಣ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ನೀವು ಕೇಳಬೇಡಿ ಡಾಕ್ಟರಮ್ಮ. ಇವಳು ಕೊಡದಲ್ಲಿ ನೀರು ನೋಡಿದ್ರೂ ಉಸಿರು ಕಟ್ತಾಳೆ."

ಪರದೆಯ ಮೇಲೆ ಓಣಿಗೆ ಅಡ್ಡಲಾಗಿ ಬಿಳಚಿಕೊಂಡ ಗಡ್ಡೆಗಳು ತೂಗಾಡುತ್ತಿದ್ದವು, ಸುಲಿದ ತಾಟಿನುಂಗಿನ ಹಾಗೆ, ಒಂದರ ಹಿಂದೆ ಒಂದು. ರಾಕ್ಕುಗೆ ಎಷ್ಟೋ ವರ್ಷಗಳಿಂದ ವಾಸನೆ ಗೊತ್ತಾಗದಿದ್ದುದಕ್ಕೆ ಇವೇ ಕಾರಣ. ಈಚೆಗೆ ನೀರಿನಲ್ಲಿ ಎರಡಾಳುದ್ದ ಇಳಿಯುವಷ್ಟರಲ್ಲಿ ಹುಬ್ಬಿನ ಮೇಲೆ ಯಾರೋ ಮೊಳೆ ಹೊಡೆದಂತಾಗಿ, ಮೇಲೆ ಬಂದಾಗ ನೀರುಗನ್ನಡಕದೊಳಗೆ ರಕ್ತ ತುಂಬಿರುತ್ತಿದ್ದುದಕ್ಕೂ ಇವೇ ಕಾರಣ.

"ಗಾಳಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತೆ," ಎಂದರು ಡಾಕ್ಟರಮ್ಮ. "ಹೊರಗೆ ನೀರು ಒತ್ತುತ್ತೆ, ಒಳಗೆ ಗಾಳಿಗೆ ದಾರಿ ಇಲ್ಲ. ಇವನ್ನ ತೆಗೆದು ದಾರಿ ಬಿಡಿಸಬೇಕು. ತೆಗೆಯೋದು ದೊಡ್ಡದಲ್ಲ. ಆಮೇಲೆ ಒಳಗಿನ ಪದರ ಹೊಸದಾಗಿ ಹುಟ್ಟಿ ಹಬ್ಬಬೇಕಲ್ಲ, ಅದು ದೊಡ್ಡದು. ಅದಕ್ಕೆ ಹೊತ್ತು ಬೇಕು."

"ಕಡಲು ಮುಚ್ಚಿದಾಗ ಮಾಡಿಬಿಡಿ," ಎಂದಳು ರಾಕ್ಕು. "ತೆರೆಯೋ ಹೊತ್ತಿಗೆ ನಾನು ಇಳೀಬೇಕು."

ಪಾಂಬನ್ನಿನ ನಮ್ಮ ಕೇರಿಯಲ್ಲಿ ಬೇಸಿಗೆಯ ಚಿತ್ತಿರೈ ತಿಂಗಳು ಹುಟ್ಟಿತೆಂದರೆ ಹೆಂಗಸರು ಕಡಲು ಮುಚ್ಚುತ್ತಾರೆ. ಕಡಲಪಾಚಿ ಕೀಳುವುದು ಹೆಂಗಸರ ಕೆಲಸ. ಮುಚ್ಚುವುದೂ ತೆರೆಯುವುದೂ ಅವರದೇ ತೀರ್ಮಾನ. ಕಿತ್ತ ದಿಬ್ಬದಲ್ಲಿ ಪಾಚಿ ಮತ್ತೆ ಬೇರು ಹಿಡಿಯಲೆಂದು ಒಂದೂವರೆ ತಿಂಗಳು ಯಾರೂ ಅತ್ತ ದೋಣಿ ಬಿಡುವುದಿಲ್ಲ. ಕದ್ದು ಹೋಗಿ ಸಿಕ್ಕಿಬಿದ್ದವಳ ಚೀಲವನ್ನು ಎಲ್ಲರೆದುರು ನೀರಿಗೆ ಮಗುಚುತ್ತಾರೆ. ಕಡಲು ತೆರೆದ ಮೊದಲ ದಿನ ಅವಳು ದೋಣಿಯಲ್ಲೇ ಕೂತು, ಮುಳುಗಿ ಏಳುವವರ ತಲೆ ಎಣಿಸಬೇಕು, ತಾನು ಇಳಿಯುವಂತಿಲ್ಲ. ಈ ಕಟ್ಟಳೆಯನ್ನು ರಾಕ್ಕುವಿನಷ್ಟು ಬಿಗಿಯಾಗಿ ಹಿಡಿದವರು ಬೇರೆ ಯಾರೂ ಇರಲಿಲ್ಲ. ಸ್ವಂತ ಅಣ್ಣನ ಹೆಂಡತಿಯಾದ ಪಂಚವರ್ಣಳ ಚೀಲವನ್ನೇ ಒಮ್ಮೆ ಅವಳು ಮಗುಚಿಸಿದ್ದಳು. ಆಮೇಲೂ ಇಬ್ಬರೂ ಜೋಡಿಯಾಗಿಯೇ ಇಳಿಯುತ್ತಿದ್ದರು. ಒಬ್ಬಳು ಕೆಳಗಿದ್ದಾಗ ಇನ್ನೊಬ್ಬಳು ಮೇಲೆ ತೇಲುತ್ತ ಅವಳ ನೆರಳನ್ನು ಕಾಯುವುದು.

ರಾಕ್ಕುಗೆ ಆ ಕೆಳಗಿನ ಲೋಕ ಬೇಕಿತ್ತು. ಮೇಲೆ ಗಂಡ ನಂಬುರಾಜನ್‌ನ ಕೆಮ್ಮು, ಮೈಕಿನ ಹಾಡು, ಸೇತುವೆಯ ಮೇಲೆ ರೈಲಿನ ಗಡಗಡ. ಕೆಳಗೆ ತನ್ನ ಎದೆಬಡಿತ ಮಾತ್ರ. ಹಸುರು ಬೆಳಕು ಮೇಲಿನಿಂದ ಸೋರುತ್ತಿರುತ್ತದೆ, ಪಾಚಿ ಒಮ್ಮೆ ಅತ್ತ ಒಮ್ಮೆ ಇತ್ತ ಬಾಗುತ್ತದೆ, ಅದರೊಡನೆ ತಾನೂ ಬಾಗಬೇಕು. ಅಲ್ಲಿ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಇನ್ನು ಇಳಿಯಲಾಗದು ಎಂದಾಗಿಬಿಟ್ಟರೆ ಉಳಿದ ಆಯುಷ್ಯವನ್ನೆಲ್ಲ ಮೇಲೆಯೇ ಕಳೆಯಬೇಕು. ಅದನ್ನು ನೆನೆದರೆ ಅವಳಿಗೆ ಶಸ್ತ್ರಚಿಕಿತ್ಸೆಯ ಹೆದರಿಕೆ ಸಣ್ಣದಾಗಿ ಕಾಣುತ್ತಿತ್ತು.

ಕಡಲು ಮುಚ್ಚಿದ ವಾರವೇ ಶಸ್ತ್ರಚಿಕಿತ್ಸೆಯಾಯಿತು. ಮೂಗಿಗೆ ತುರುಕಿದ್ದ ಬತ್ತಿ ತೆಗೆದ ದಿನ ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಹೇಳಿದರು. "ಮೂಗು ಸೀಟಬೇಡ. ಸೀನು ಬಂದ್ರೆ ಬಾಯಿ ತೆರೆದು ಸೀನು. ಬಗ್ಗಿ ಭಾರ ಎತ್ತಬೇಡ. ಬೆಳಿಗ್ಗೆ ಸಂಜೆ ಉಪ್ಪುನೀರಲ್ಲಿ ಮೂಗು ತೊಳಿ. ಈ ಪುಡಿ ಕೊಟ್ಟಿದ್ದೀನಿ, ಈ ಬಾಟಲಿ. ಕುದಿಸಿ ಆರಿಸಿದ ನೀರು. ಗಾಯ ಒಣಗಬಾರದು, ಹಸಿಯಾಗಿರಬೇಕು. ಒಣಗಿದ್ರೆ ಹಕ್ಕಳೆ ಕಟ್ಟುತ್ತೆ, ಹಕ್ಕಳೆ ಕೆಳಗೆ ಹೊಸ ಪದರ ನಡೆಯೋಕಾಗಲ್ಲ."

"ಪದರ ನಡೆಯುತ್ತಾ?"

"ಅಂಚಿನಿಂದ ಅಂಚಿಗೆ ತೆವಳಿಕೊಂಡು ಬರುತ್ತೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಹುಟ್ಟುತ್ತೆ. ಅವು ಯಾವಾಗಲೂ ತೂಗಾಡ್ತಾ ಇರುತ್ತೆ, ಕಸ ಇದ್ರೆ ಹೊರಗೆ ತಳ್ಳುತ್ತೆ. ಅವು ಬರೋದು ಎಲ್ಲಕ್ಕಿಂತ ಕೊನೆಗೆ."

ಉಳಿದ ಮಾತೆಲ್ಲ ಮರೆತರೂ ತೂಗಾಡುವ ಕೂದಲು ರಾಕ್ಕುವಿನ ತಲೆಯಲ್ಲಿ ಉಳಿಯಿತು. ಉಳಿದದ್ದು ಇನ್ನೊಂದು: ಉಪ್ಪುನೀರು.

ಮನೆಗೆ ಬಂದವಳು ಪುಡಿಯ ಪೊಟ್ಟಣಗಳನ್ನು ಕಾಳಿಯಮ್ಮನ ಪಟದ ಹಿಂದೆ ಸಿಕ್ಕಿಸಿದಳು. ಬಾಗಿಲು ತೆಗೆದರೆ ಕಡಲು. ನಲ್ಲಿ ನೀರು ಕುದಿಸಿ, ಆರಿಸಿ, ಅದಕ್ಕೆ ಪೊಟ್ಟಣದ ಉಪ್ಪು ಬೆರೆಸುವುದು ಅವಳಿಗೆ ಮಗುವಿನ ಆಟದಂತೆ ಕಂಡಿತು. ಹವಳ ಗೀರಿದ ಕಾಲು, ಮುಳ್ಳುಮೀನು ಚುಚ್ಚಿದ ಕೈ, ಮಕ್ಕಳ ತಲೆಯ ಹುಣ್ಣು, ಎಲ್ಲವನ್ನೂ ಅವಳ ತಾಯಿ ಕಡಲಲ್ಲೇ ತೊಳೆದು ವಾಸಿ ಮಾಡಿದ್ದಳು. ಬೆಳಗಿನ ಹೊತ್ತು ಗಾಳಿ ಏಳುವ ಮುಂಚೆ ಸೊಂಟದ ನೀರಿಗೆ ನಡೆದು, ಕೆಸರಿಲ್ಲದ ತಿಳಿನೀರನ್ನು ಕೊಡಕ್ಕೆ ತುಂಬಿ, ಬಿಳಿ ಬಟ್ಟೆಯಲ್ಲಿ ಸೋಸಿ, ಅದನ್ನೇ ಬಾಟಲಿಗೆ ಹಾಕಿಕೊಂಡಳು.

ಪಂಚವರ್ಣ ಬೇಲಿಯಾಚೆಯಿಂದ ಇಣುಕಿದಳು. "ಮನುಷ್ಯರು ಮೈಗೆ ಸ್ನಾನ ಮಾಡ್ತಾರೆ. ನಮ್ಮ ನಾದಿನಿ ಮೂಗಿಗೆ ಸ್ನಾನ ಮಾಡ್ತಾಳೆ. ಸೋಪು ಬೇಕೇನೇ?"

"ನಿನ್ನ ನಾಲಿಗೆಗೆ ಹಾಕ್ಕೋ ಅತ್ತಿಗೆ, ಮಿಕ್ಕಿದ್ರೆ ನನಗೆ ಕೊಡು."

ಒಂದು ಹೊಳ್ಳೆಯಿಂದ ಹೊಕ್ಕ ನೀರು ಇನ್ನೊಂದರಿಂದ ಇಳಿಯಿತು. ಕಣ್ಣಿನ ಹಿಂದೆ ಉರಿ ಚುರುಗುಟ್ಟಿತು. ಉರಿದರೆ ಗಾಯ ಕೂಡುತ್ತದೆ ಎಂಬುದು ಅವಳು ಹುಟ್ಟಿದಾಗಿನಿಂದ ನಂಬಿದ್ದ ಮಾತು. ಕಣ್ಣು ಮುಚ್ಚಿಕೊಂಡು ಉರಿಯನ್ನು ಸವಿದಳು.

ಆ ದಿನಗಳಲ್ಲಿ ಅವಳಿಗೆ ಮಧ್ಯಾಹ್ನದ ನಿದ್ದೆ ಹತ್ತಿತು. ತಲೆ ಎತ್ತರಕ್ಕಿರಬೇಕೆಂದು ಎರಡು ದಿಂಬಿಗೆ ಒರಗಿ ಮಲಗುತ್ತಿದ್ದಳು. ತಾಳೆಗರಿಯ ಮಾಡಿನಲ್ಲಿ ಗಾಳಿ ಸರಬರ ಓಡಾಡುತ್ತಿತ್ತು. ನಿದ್ದೆ ಬಂದೊಡನೆ ಅವಳು ಅಕ್ಕಿಕಾಳಿಗಿಂತ ಸಣ್ಣವಳಾಗಿ ತನ್ನ ಮೂಗಿನೊಳಗೇ ಇಳಿಯುತ್ತಿದ್ದಳು. ಅಲ್ಲಿ ಉಸಿರು ಕಟ್ಟಬೇಕಾಗಿರಲಿಲ್ಲ. ಗುಹೆಯಿಂದ ಗುಹೆಗೆ ದಾರಿ ತೆರೆದಿತ್ತು. ಹಣೆಯ ಹಿಂದೆ ಒಂದು ದೊಡ್ಡ ಹಜಾರ, ಅದರ ಚಾವಣಿಯಿಂದ ಹಸುರು ಬೆಳಕು ಸೋರುತ್ತಿತ್ತು. ಗೋಡೆಗಳು ಮಾತ್ರ ಬರಿದು, ಯಾರೋ ಕಬ್ಬಿಣದ ಉಳಿಯಿಂದ ಹೆರೆದ ದಿಬ್ಬದ ಹಾಗೆ. ಒಂದು ಮೂಲೆಯಲ್ಲಿ ಎಳೆಯ ಪಾಚಿ ಚಿಗುರಿರುವುದು ಕಂಡು ಮುಟ್ಟಲು ಕೈ ಚಾಚುತ್ತಿದ್ದಳು. ಪ್ರತಿ ಸಲವೂ ಅಷ್ಟರಲ್ಲಿ ತಾಯಿಯ ದನಿ ಕೇಳಿಸುತ್ತಿತ್ತು. "ಬೇರಿಗೆ ಕೈ ಹಾಕಬೇಡ ಕಣೇ." ಎಚ್ಚರವಾದಾಗ ಬಾಯಿ ಒಣಗಿರುತ್ತಿತ್ತು, ದಿಂಬಿನ ಮೇಲೆ ಹಳದಿ ಕಲೆ ಬಿದ್ದಿರುತ್ತಿತ್ತು.

ಹೇಳಿದ ದಿನ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಕೊಳವೆ ತೂರಿಸಿ, ಪರದೆಯತ್ತ ಬಗ್ಗಿ ನೋಡಿದರು. ಓಣಿಯ ತುಂಬ ಕಂದು ಹಕ್ಕಳೆ. ಗೋಡೆಗಳು ಊದಿಕೊಂಡಿದ್ದವು. ಎಡಗಡೆಯಲ್ಲಿ ಎರಡು ಗೋಡೆಗಳ ನಡುವೆ ಜೇಡರಬಲೆಯಂಥ ತೆಳುಪೊರೆ ಕಟ್ಟಿ, ದಾರಿ ಅರ್ಧ ಮುಚ್ಚಿತ್ತು.

"ರಾಕ್ಕು, ಮೂಗು ತೊಳೀತಿದ್ದೀಯ ತಾನೆ?"

"ತಪ್ಪಿಸಿಲ್ಲ ಡಾಕ್ಟರಮ್ಮ. ಹೇಳಿದ್ದಕ್ಕಿಂತ ಜಾಸ್ತೀನೇ ತೊಳೆದಿದ್ದೀನಿ."

"ಯಾವುದರಲ್ಲಿ?"

"ಉಪ್ಪುನೀರಲ್ಲಿ."

"ಪುಡಿ ಮುಗಿದಿರಬೇಕಲ್ಲ ಹಾಗಾದ್ರೆ?"

ರಾಕ್ಕು ಪಂಚವರ್ಣಳ ಮುಖ ನೋಡಿದಳು. ಪಂಚವರ್ಣ ಸೂರು ನೋಡಿದಳು.

"ಪುಡಿ ಯಾಕೆ ಡಾಕ್ಟರಮ್ಮ?" ಎಂದಳು ರಾಕ್ಕು. "ಮನೆ ಮುಂದೆ ಕಡಲಿದೆ."

ನೂರ್‌ನಿಶಾ ಕೊಳವೆಯನ್ನು ತಟ್ಟೆಯಲ್ಲಿಟ್ಟು ಕುರ್ಚಿಗೆ ಒರಗಿದರು. ಬೈಯುತ್ತಾರೆಂದು ರಾಕ್ಕು ಕಾದಳು. ಅವರು ತಲೆ ಚಚ್ಚಿಕೊಳ್ಳುವವರಂತೆ ಹಣೆಗೆ ಕೈ ಹಚ್ಚಿ ನಕ್ಕುಬಿಟ್ಟರು. "ನಾನು ಕೀಳಕ್ಕರೈಯಲ್ಲಿ ಕಡಲು ನೋಡ್ಕೊಂಡೇ ಬೆಳೆದವಳು. ನಿನಗೆ ಇದನ್ನ ಮೊದಲೇ ಬಿಡಿಸಿ ಹೇಳಬೇಕಿತ್ತು. ತಪ್ಪು ನನ್ನದೂ ಇದೆ. ನೋಡು, ಕಣ್ಣೀರು ಕುಡಿದಿದ್ದೀಯ ಯಾವಾಗಾದ್ರೂ?"

"ಮದುವೆಯಾಗಿ ಇಷ್ಟು ವರ್ಷ ಆಯ್ತಲ್ಲ," ಎಂದಳು ಪಂಚವರ್ಣ.

"ಕಣ್ಣೀರು ಎಷ್ಟು ಉಪ್ಪೋ ನಮ್ಮ ಮೈಯೊಳಗಿನ ನೀರೂ ಅಷ್ಟೇ ಉಪ್ಪು. ಮೂಗು ಕೇಳೋದೂ ಅಷ್ಟನ್ನೇ. ಕಡಲು ಅದರ ಮೂರ್ನಾಲ್ಕು ಪಟ್ಟು. ಹೊಸದಾಗಿ ಹುಟ್ಟಿದ ಪದರದ ನೀರನ್ನೆಲ್ಲ ಹೀರಿಬಿಡುತ್ತೆ. ಒಣಮೀನಿಗೆ ಉಪ್ಪು ಸವರೋದು ಯಾಕೆ? ಒಳಗಿನ ನೀರು ಹೊರಗೆ ಬರಲಿ ಅಂತ ತಾನೆ? ಸಾಲದ್ದಕ್ಕೆ ನಿನ್ನ ತಿಳಿನೀರಲ್ಲಿ ಕಣ್ಣಿಗೆ ಕಾಣದ ಜೀವ ಎಷ್ಟಿವೆ ಅಂತ ನನಗಿಂತ ಮೀನಿಗೆ ಚೆನ್ನಾಗಿ ಗೊತ್ತು."

ರಾಕ್ಕುವಿನ ಕೈ ತಾನಾಗಿಯೇ ಮೂಗಿಗೆ ಹೋಯಿತು. ತನ್ನ ಮೂಗಿನೊಳಗೆ ತಾನೇ ಒಣಮೀನು ಮಾಡುತ್ತಿದ್ದುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಡಾಕ್ಟರಮ್ಮ ಮರಗಟ್ಟಿಸುವ ಔಷಧಿ ಹಾಕಿ, ಪೊರೆಯನ್ನು ಬಿಡಿಸಿ, ಎರಡು ಗೋಡೆಗಳು ಮತ್ತೆ ಅಂಟದಂತೆ ನಡುವೆ ತೆಳ್ಳನೆಯದೊಂದು ಹಾಳೆ ಇಟ್ಟರು. ಹಕ್ಕಳೆಗಳನ್ನು ತೆಗೆಯುವಾಗ ಸಡಿಲವಾಗಿದ್ದವನ್ನು ಮಾತ್ರ ಎತ್ತಿ, ಹಿಡಿದುಕೊಂಡಿದ್ದವನ್ನು ಬಿಟ್ಟರು. ಪರದೆಯನ್ನೇ ನೋಡುತ್ತಿದ್ದ ರಾಕ್ಕು, "ಅದೊಂದು ಬಿಟ್ಟಿರಲ್ಲ," ಎಂದಳು.

"ಅದು ಇನ್ನೂ ಕಚ್ಚಿಕೊಂಡಿದೆ. ಎಳೆದ್ರೆ ಕೆಳಗಿನ ಹೊಸದೂ ಕಿತ್ತು ಬರುತ್ತೆ."

"ಹೌದೌದು. ನಾವೂ ಹಾಗೇ ಮಾಡೋದು."

"ಇನ್ನು ಕಡಲು ತೆರೆಯೋ ದಿನದ ಆಸೆ ಬಿಡು. ಆಮೇಲಿನ ಹುಣ್ಣಿಮೆ ಕಳೆದು ಬಾ, ನೋಡಿ ಹೇಳ್ತೀನಿ. ನಡುವೆ ಇಳಿದು ಒಳಗೆ ಮತ್ತೆ ರಕ್ತ ಬಂದು ಇದು ಅಂಟಿಕೊಳ್ತು ಅಂದ್ರೆ, ಮತ್ತೆ ಕೊಯ್ಯಬೇಕು. ಕೊಯ್ದು ಕೊಯ್ದು ಗೋಡೆ ಗಟ್ಟಿಯಾಗಿಬಿಟ್ರೆ ಆ ಕೂದಲು ಮತ್ತೆ ಹುಟ್ಟಲ್ಲ. ಆಗ ನಾನೇ ನಿನಗೆ ಕಡಲು ಬೇಡ ಅಂತೀನಿ, ಶಾಶ್ವತವಾಗಿ."

"ವಾಸನೆ ಬಂದ್ರೆ? ವಾಸನೆ ಬಂದ್ರೆ ವಾಸಿ ಆದಂಗೆ ಅಲ್ವಾ?"

"ಮೇಲಿನ ದಾರಿಗೆ ಗಾಳಿ ಹೋಗ್ತಿದೆ ಅಂತ, ಅಷ್ಟೇ. ಪೂರ್ತಿ ವಾಸಿ ಆಗಿದೆ ಅಂತಲ್ಲ."

ಆವತ್ತಿನಿಂದ ಪಟದ ಹಿಂದಿನ ಪೊಟ್ಟಣಗಳು ಈಚೆ ಬಂದವು. ನಂಬುರಾಜನ್ ಕೆಮ್ಮುತ್ತಲೇ ಒಲೆ ಹಚ್ಚಿ ನೀರು ಕುದಿಸಿಕೊಡುತ್ತಿದ್ದ. ಪುಡಿ ಬೆರೆಸಿದ ನೀರನ್ನು ರಾಕ್ಕು ಮೊದಲು ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಕಣ್ಣೀರಿನಷ್ಟೇ ಉಪ್ಪು. ಅದು ಉರಿಯುತ್ತಿರಲಿಲ್ಲ. ಇದ್ದದ್ದೇ ತಿಳಿಯದಂತೆ ಒಳಹೊಕ್ಕು, ತಿಳಿಯದಂತೆ ಇಳಿದುಹೋಗುತ್ತಿತ್ತು. ಇಷ್ಟು ಮೆತ್ತಗಿನದು ಏನನ್ನು ಕೂಡಿಸೀತು ಎಂದು ಅವಳಿಗೆ ಅನುಮಾನ. ಆದರೂ ಕನಸಿನಲ್ಲಿ ಗೋಡೆಗಳ ಬಣ್ಣ ಬದಲಾಗುತ್ತಿತ್ತು. ಹೆರೆದ ಕೆಂಪಿನ ಅಂಚಿನಿಂದ ಒಂದು ಹೊಳಪು ತೆವಳುತ್ತ ಬರುತ್ತಿತ್ತು, ಮರಳ ಮೇಲೆ ಅಲೆಯ ತುದಿ ಬರುವ ಹಾಗೆ, ಬಂದದ್ದು ಹಿಂದಿರುಗದ ಹಾಗೆ. ಆ ಹೊಳಪಿನ ಮೇಲೆ ಕೂದಲು ಮಾತ್ರ ಇನ್ನೂ ಇರಲಿಲ್ಲ.

ಕಡಲು ತೆರೆಯಲು ಕೆಲವೇ ದಿನ ಉಳಿದಾಗ ಕೇರಿಯ ಹೆಂಗಸರೆಲ್ಲ ತಯಾರಿಗೆ ಇಳಿದರು. ಬೆರಳಿಗೆ ಸುತ್ತುವ ಬಟ್ಟೆ ಹರಿದುಕೊಂಡರು, ಸೊಂಟಕ್ಕೆ ಕಟ್ಟುವ ಬಲೆಚೀಲ ಹೊಲಿದುಕೊಂಡರು, ನೀರುಗನ್ನಡಕಕ್ಕೆ ಹೊಸ ರಬ್ಬರು ಹಾಕಿಸಿದರು. ರಾಕ್ಕು ತನ್ನ ಕನ್ನಡಕವನ್ನು ಒರೆಸಿ ಒರೆಸಿ ಗೂಟಕ್ಕೆ ನೇತುಹಾಕಿದಳು. ಒಂದು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದ ಹೊತ್ತಿನಲ್ಲಿ ಅದು ಗೂಟದಲ್ಲಿರಲಿಲ್ಲ. ರಾಕ್ಕು ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಕನ್ನಡಕ ಹಣೆಯ ಮೇಲಿತ್ತು. ಬರೀ ಮುಖ ಅದ್ದಿ ನೋಡುವುದು, ಇಳಿಯುವುದಲ್ಲ, ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಗಲ್ಲಕ್ಕೆ ನೀರು ತಾಗಿತು. ಮೈ ತಾನಾಗಿಯೇ ಹಗುರವಾಗಿ, ಕಾಲು ನೆಲ ಬಿಟ್ಟಿತು.

"ಯಾರೇ ಅದು ಮುಚ್ಚಿದ ಕಡಲಲ್ಲಿ?"

ದಂಡೆಯ ಮೇಲೆ ಪಂಚವರ್ಣ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಗಂಟಲು ನಮ್ಮ ಕೇರಿಯ ಮೈಕಿಗಿಂತ ದೊಡ್ಡದು. ಮಲಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೂದಲು ಗಂಟು ಹಾಕಿಕೊಳ್ಳುತ್ತ ಈಚೆ ಬಂದರು.

"ನಾನು ದಿಬ್ಬಕ್ಕೆ ಹೋಗಿಲ್ಲ ಅತ್ತಿಗೆ! ಚೀಲಾನೂ ಇಲ್ಲ ನನ್ನ ಹತ್ರ!"

"ಈ ವರ್ಷ ಮುಚ್ಚಿರೋದು ದಿಬ್ಬ ಒಂದೇ ಅಲ್ಲ, ನಿನ್ನ ಮೂಗೂ ಮುಚ್ಚಿದೆ. ಡಾಕ್ಟರಮ್ಮ ಮುಚ್ಚಿದ್ದಾರೆ. ಮುಚ್ಚಿದ್ದಕ್ಕೆ ಕೈ ಹಾಕಿದವಳಿಗೆ ಏನು ಕಟ್ಟಳೆ? ನೀನೇ ಹೇಳು. ಆವತ್ತು ನನ್ನ ಚೀಲ ಮಗುಚಿಸಿದಾಗ ಬಾಯಿಪಾಠ ಒಪ್ಪಿಸಿದಂಗೆ ಹೇಳಿದ್ಯಲ್ಲ?"

"ಅದನ್ನ ಇನ್ನೂ ಮರೆತಿಲ್ವಾ ನೀನು?"

"ಮರೆಯೋಕೆ ನನಗೇನು ಮೂಗು ಕೊಯ್ದಿದ್ದಾರಾ?"

ಹೆಂಗಸರು ಗೊಳ್ಳೆಂದರು. ರಾಕ್ಕು ನೀರು ಸುರಿಸುತ್ತ ದಂಡೆಗೆ ಬಂದಳು. ಪಂಚವರ್ಣ ತನ್ನ ಸೆರಗಿನಿಂದ ಅವಳ ಮುಖ ಒರೆಸಿ, ಮೂಗಿನ ಕೆಳಗೆ ಬೆರಳಿಟ್ಟು ರಕ್ತವಿದೆಯೇ ಎಂದು ನೋಡಿ, ಬೆರಳನ್ನು ಬಿಸಿಲಿಗೆ ಹಿಡಿದಳು. ರಕ್ತವಿರಲಿಲ್ಲ. ಆಗ ಅವಳ ದನಿ ಇಳಿಯಿತು. "ನೀನಿಲ್ಲದೆ ನಾನು ಯಾರ ಜೊತೆ ಇಳೀಲೇ? ಒಂದು ಸಲ ತಡಿ. ಶಾಶ್ವತವಾಗಿ ನಿಂತುಬಿಡೋ ಹಂಗೆ ಮಾಡ್ಕೋಬೇಡ."

ಕಟ್ಟಳೆಯ ಪ್ರಕಾರ, ಕಡಲು ತೆರೆದ ದಿನ ರಾಕ್ಕು ದೋಣಿಯಲ್ಲಿ ಕೂತಳು. ಬೆಳಗಿನ ನೀರು ಗಾಜಿನಂತಿತ್ತು. ಹೆಂಗಸರು ಸೀರೆಯ ಮೇಲೆ ತೊಟ್ಟ ಅಂಗಿಯ ಗುಂಡಿ ಹಾಕಿಕೊಂಡು, ಬೆರಳಿಗೆ ಬಟ್ಟೆ ಸುತ್ತಿ, ಜೋಡಿ ಜೋಡಿಯಾಗಿ ಇಳಿದರು. ಈ ಸಲ ಪಂಚವರ್ಣಳ ಜೋಡಿ ಸೆಲ್ವಕನಿ, ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದ ಹೆಣ್ಣು. ರಾಕ್ಕು ತಲೆ ಎಣಿಸುತ್ತಿದ್ದಳು. ಒಂದು ತಲೆ ಮುಳುಗಿದಾಗ ಅವಳಿಗೆ ಅರಿವಿಲ್ಲದೆಯೇ ಉಸಿರು ಕಟ್ಟುತ್ತಿತ್ತು, ಆ ತಲೆ ಎದ್ದಾಗ ಬಿಡುತ್ತಿತ್ತು. ಹೀಗೆ ಮೇಲೆ ಕೂತೇ ಎಲ್ಲರೊಡನೆ ಮುಳುಗಿ ಎದ್ದು ಅವಳಿಗೆ ತಲೆ ಹಗುರವಾಯಿತು. ದೋಣಿ, ನೀರು, ಆಕಾಶ ಒಂದೇ ಬಣ್ಣವಾಗಿ, ತಾನು ಯಾವುದರ ಮೇಲೆ ಕೂತಿದ್ದೇನೆಂಬುದೂ ಮಸುಕಾಯಿತು.

ಪಂಚವರ್ಣ ದೋಣಿಯ ಅಂಚು ಹಿಡಿದು, ತುಂಬಿದ ಚೀಲವನ್ನು ಒಳಗೆ ಸುರಿದಳು. ದವನದ ಹಾಗೆ ಕಾಣುವುದರಿಂದ ಆ ಪಾಚಿಗೆ ದವನವೆಂದೇ ಹೆಸರು. ನೀರು ಸೋರುತ್ತ ಅದು ರಾಕ್ಕುವಿನ ಕಾಲಿನ ಮೇಲೆ ಗುಪ್ಪೆಯಾಯಿತು.

ಆಗ ಏನೋ ಬಂತು. ಎಲ್ಲಿಂದಲೋ, ಬಹಳ ದೂರದಿಂದ, ಬಾಗಿಲಿನ ಸಂದಿಯಲ್ಲಿ ಬೆಳಕು ಬಂದ ಹಾಗೆ. ಕಳೆದ ವರ್ಷದ ಕೊಳೆತ ಪಾಚಿ ದೋಣಿಯ ಹಲಗೆಯಲ್ಲಿ ಸೇರಿಕೊಂಡದ್ದು, ಸೀಮೆಎಣ್ಣೆ, ಪಂಚವರ್ಣಳ ಒದ್ದೆ ಅಂಗಿಯ ಬೆವರು, ಇವೆಲ್ಲದರ ಕೆಳಗೆ ತಣ್ಣಗೆ, ಹಸಿಯಾಗಿ, ಹೆಸರಿಡಲಾಗದ ಇನ್ನೊಂದು.

"ಥೂ," ಎಂದಳು ರಾಕ್ಕು. "ಅತ್ತಿಗೆ, ನಾವೆಲ್ಲ ಇಷ್ಟು ನಾರ್ತೀವಾ?"

ಪಂಚವರ್ಣ ಅಂಚು ಹಿಡಿದುಕೊಂಡೇ ಅವಳನ್ನು ದಿಟ್ಟಿಸಿದಳು. ಆಮೇಲೆ ಎರಡೂ ಕೈ ಬಿಟ್ಟು ನೀರಿನಲ್ಲಿ ಬೋರಲಾಗಿ ಬಿದ್ದು, ಎದ್ದು, ಕೂಗಿದಳು. "ಬಂತು ಕಣ್ರೇ! ನಮ್ಮ ನಾದಿನಿಗೆ ನಾವು ನಾರೋದು ಗೊತ್ತಾಯ್ತು!"

ನೀರಿನ ಮೇಲೆ ಅಲ್ಲಲ್ಲಿ ತಲೆಗಳು ಎದ್ದವು. ನಗು ನೀರ ಮೇಲೆ ದೂರದವರೆಗೆ ಹೋಯಿತು. ರಾಕ್ಕು ಗುಪ್ಪೆಗೆ ಮುಖ ಹಚ್ಚಿದಳು. ಆ ತಣ್ಣನೆಯ ವಾಸನೆ ಕೆಳಗಿನ ಲೋಕದ್ದೇ. ಎಷ್ಟೋ ವರ್ಷ ಅಲ್ಲಿಗೆ ಹೋಗಿ ಬಂದವಳಿಗೆ ಅದಕ್ಕೊಂದು ವಾಸನೆಯಿದೆ ಎಂಬುದೇ ಮರೆತುಹೋಗಿತ್ತು. ಮೇಲಿನ ದಾರಿ ತೆರೆದಿದೆ. ಅವಳ ಕೈ ಮಡಿಲಿಗೆ ಹೋಯಿತು. ಸೀರೆಯ ಗಂಟಿನಲ್ಲಿ, ಯಾರಿಗೂ ಕಾಣದಂತೆ, ನೀರುಗನ್ನಡಕವಿತ್ತು. ಒಂದೇ ಮುಳುಗು. ಎಲ್ಲರೂ ನಗುತ್ತಿದ್ದಾರೆ, ಇವತ್ತು ಯಾರೂ ತಡೆಯಲಾರರು.

ಕನ್ನಡಕ ಈಚೆ ತೆಗೆಯುವಾಗ ಕಾಲಿನ ಮೇಲಿದ್ದ ಪಾಚಿಯ ಒಂದು ಎಸಳು ಅವಳ ಕಣ್ಣಿಗೆ ಬಿತ್ತು. ತುದಿ ದಟ್ಟವಾಗಿ, ಹೊಸ ಹಸುರಾಗಿ, ಬುಡದಲ್ಲಿ ಬೇರಿನ ಬಿಳಿ ನಾರು ಹಾಗೇ ಇತ್ತು. ಬಂಡೆಯನ್ನು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಕೈ ತಾಗಿದ್ದಕ್ಕೇ ಬುಡಸಮೇತ ಬಂದಿತ್ತು. ಪಂಚವರ್ಣಳ ಕೈ ತಪ್ಪು ಮಾಡುವಂಥದ್ದಲ್ಲ. ತುದಿ ನೋಡಿ ಬಲಿತಿದೆ ಎಂದುಕೊಂಡಿರಬೇಕು. ರಾಕ್ಕು ಆ ಎಸಳನ್ನು ಬೆರಳುಗಳ ನಡುವೆ ತಿರುಗಿಸಿ ತಿರುಗಿಸಿ ನೋಡಿದಳು.

"ಅಕ್ಕಾ!" ಸೆಲ್ವಕನಿ ದೋಣಿಯ ಬದಿಗೆ ಈಜಿ ಬಂದಳು. ಅವಳ ಕನ್ನಡಕದ ರಬ್ಬರು ತುಂಡಾಗಿ ಕಿವಿಯ ಹತ್ತಿರ ಜೋತಾಡುತ್ತಿತ್ತು. "ಕಿತ್ತೋಯ್ತು ಅಕ್ಕಾ. ಸೂಜಿ ದಾರ ಏನಾದ್ರೂ ಇದೆಯಾ?"

ರಾಕ್ಕು ಕೈಯಲ್ಲಿದ್ದ ಕನ್ನಡಕವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ, ಬಗ್ಗಬಾರದೆಂಬುದು ನೆನಪಾಗಿ ನೆಟ್ಟಗೆ ಕೂತು, ತೋಳು ಮಾತ್ರ ಚಾಚಿದಳು. "ತಗೋ. ನನ್ನದು ಹಾಕ್ಕೋ. ಸ್ವಲ್ಪ ಬಿಗಿ ಇರುತ್ತೆ."

ಪಂಚವರ್ಣ ನೀರಿನಿಂದಲೇ ನೋಡಿದಳು. "ಅದು ನಿನ್ನ ಹತ್ರ ಯಾಕಿತ್ತೇ ಇಲ್ಲಿ?"

"ನೀನು ಕಿತ್ತದ್ದು ಬೇರು ಸಮೇತ ಬಂದಿದೆ, ಅದನ್ನ ನೋಡ್ಕೋ ಮೊದಲು," ಎಂದಳು ರಾಕ್ಕು. "ಆ ಬಂಡೆ ಬಿಡಿ. ಇನ್ನೊಂದು ಹುಣ್ಣಿಮೆ ಕಳೀಲಿ. ಆ ಕಡೆ ಹೋಗಿ, ನೀರು ಎಳೆಯೋ ಕಡೆ, ಅಲ್ಲಿ ಬಲಿತಿರುತ್ತೆ."

ಪಂಚವರ್ಣ ಅಂಚು ಹಿಡಿದು ಎದ್ದು ಎಸಳಿನ ಬುಡವನ್ನು ನೋಡಿದಳು. ಸೆಲ್ವಕನಿಯ ಹೆಗಲು ತಟ್ಟಿದಳು. ಇಬ್ಬರೂ ಬಂಡೆಯನ್ನು ಬಿಟ್ಟು ಆಚೆ ಈಜಿದರು. ರಾಕ್ಕು ಬುಡಸಮೇತ ಬಂದಿದ್ದ ಎಸಳನ್ನು ನೀರಿಗೆ ಬಿಟ್ಟಳು. ಅದು ಒಮ್ಮೆ ಅತ್ತ ಒಮ್ಮೆ ಇತ್ತ ತೂಗುತ್ತ, ನಿಧಾನವಾಗಿ ಕೆಳಗಿಳಿಯಿತು. ಅವಳು ಬಾಯಿ ಮುಚ್ಚಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದಳು. ನಾತ ಇನ್ನೂ ಇತ್ತು. ದೂರದಲ್ಲಿ ಎರಡು ತಲೆಗಳಲ್ಲಿ ಒಂದು ಮುಳುಗಿತು. ಈ ಸಲ ಅವಳು ಉಸಿರು ಕಟ್ಟಲಿಲ್ಲ, ಎಣಿಸುತ್ತ ಕೂತಳು.